ಕೆಂಚನ ಹುರುಳಿ ಎಲ್ಲಿ ಹೋಯಿತು?

ನಾನಿನ್ನೂ ಚಿಕ್ಕವನಿದ್ದಾಗ ನಮ್ಮ ಅರೆಕೆರೆ ಹಳ್ಳಿಯಾಗಿತ್ತು, ಮಕ್ಕಳೇ. ಅಪ್ಪ ಜಟಕಾ ಗಾಡಿ ಓಡಿಸುತ್ತಿದ್ದರು. ಗಾಡಿ ಎಳೆಯುತ್ತಿದ್ದ ಕೆಂಚ ಮುದಿ ಕುದುರೆ. ಹಣೆಯ ಕೂದಲು ನೆರೆತಿತ್ತು, ಕಣ್ಣಿನ ಮೇಲೆ ಗುಳಿ ಬಿದ್ದಿತ್ತು. ಆದರೂ ಜಯನಗರದವರೆಗೆ ಟಕಟಕ ಹೋಗಿ ಬರುತ್ತಿತ್ತು.

ಆ ವರ್ಷ ಕೆಂಚ ಸೊರಗತೊಡಗಿತು. ದಿನಾ ನೆನೆಸಿದ ಹುರುಳಿ ಹಾಕಿದರೂ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಹುರುಳಿ ಹಾಕುವ ಕೆಲಸ ಅಕ್ಕನದು. ನಮ್ಮಪ್ಪನೋ, ಅನುಮಾನದ ಮನುಷ್ಯ! ಕೋಳಿ ಮೊಟ್ಟೆ ಇಡದಿದ್ದರೂ ಯಾರೋ ಕದ್ದರು ಅನ್ನುವವರು. ಆಗೆಲ್ಲ ಪಕ್ಕದ ಮನೆಯ ಅತ್ತೆಯ ಒಲೆಯಿಂದ ಹುರುಳಿ ಸಾರಿನ ಘಮ ಬರುತ್ತಿತ್ತು. ಅಕ್ಕ ಅಲ್ಲಿಗೆ ಹೋದಾಗಲೆಲ್ಲ ಜಡೆಗೆ ಕನಕಾಂಬರ ಮುಡಿದು ಬರುತ್ತಿದ್ದಳು. ಇವಳು ಕಾಳು ಕೊಟ್ಟು ಹೂ ತರುತ್ತಾಳೆ ಅಂತ ಅಪ್ಪ ಎರಡನ್ನೂ ಸೇರಿಸಿ ಗಂಟು ಹಾಕಿದರು.

ಒಂದು ಬೆಳಿಗ್ಗೆ ಕೇಳಿಯೇಬಿಟ್ಟರು. "ಕುದುರೆ ಕಾಳು ಎಲ್ಲಿಗೆ ಹೋಯ್ತಾ ಐತೆ? ನಿಜ ಹೇಳು."

ಅಕ್ಕನ ಮುಖ ಕೆಂಪಾಯಿತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗಾಯ್ತು. ನಾಳೆಯಿಂದ ಕೆಂಚನ ಹತ್ರ ಸುಳೀಬೇಡ."

"ನಾನು ಕಳ್ಳಿ ಅಲ್ಲಪ್ಪ! ಇವತ್ತು ನೀನೇ ಎದುರಿಗೆ ಕೂತ್ಕೊಂಡು ನೋಡು," ಅಂದಳು ಅಕ್ಕ. ಕೆಂಚ ಅಂದರೆ ಅವಳಿಗೆ ಪ್ರಾಣ.

ಅಪ್ಪ ಲಾಯದ ಬಾಗಿಲಲ್ಲಿ ಕೂತರು, ಪಕ್ಕದಲ್ಲಿ ನಾನು. ಅಕ್ಕ ಹುರುಳಿ ಸುರಿದಳು. ಕೆಂಚ ಬಾನಿಯ ತಳ ನೆಕ್ಕುವವರೆಗೂ ತಿಂದಿತು. ಅಷ್ಟಾದರೂ ಅಪ್ಪ, "ನಾನಿದೀನಿ ಅಂತ ಇವತ್ತು ಪೂರ್ತಿ ಹಾಕವ್ಳೆ," ಅಂದರು! ಅಕ್ಕ ಕಣ್ಣೊರೆಸಿಕೊಳ್ಳುತ್ತಾ ಲದ್ದಿಯ ಬುಟ್ಟಿ ಎತ್ತಿಕೊಂಡು ತಿಪ್ಪೆಗೆ ಹೊರಟಳು. ಬುಟ್ಟಿಯೊಳಗೆ ಏನಿದೆ ನೋಡು ಅಂತ ಅಪ್ಪ ನನಗೆ ಕಣ್ಸನ್ನೆ ಮಾಡಿದರು. ನಾನು ಹಿಂದೆಯೇ ಓಡಿದೆ.

ಅಕ್ಕ ಬುಟ್ಟಿ ಬೋರಲು ಹಾಕಿದ್ದೇ ತಡ, ಕೋಳಿಗಳು ನುಗ್ಗಿ ಬಂದು ಲದ್ದಿ ಕೆದರಿದವು. ಅದರ ತುಂಬ ಇಡೀ ಇಡೀ ಹುರುಳಿ ಕಾಳು! ತಿಪ್ಪೆಯ ಅಂಚಿನಲ್ಲೋ, ಯಾರೂ ಬಿತ್ತದ ಹುರುಳಿ ಗಿಡಗಳು ಗೇಣುದ್ದ ಬೆಳೆದಿದ್ದವು. ಅಕ್ಕ ಓಡಿಹೋಗಿ ಅಪ್ಪನ ಕೈ ಹಿಡಿದು ಎಳೆದು ತಂದಳು.

"ಈ ಗಿಡಗಳ್ನ ನಾನು ಇವತ್ತು ಬಿತ್ತಿದ್ನಾ? ಹೇಳು!"

ಅಪ್ಪ ಬಗ್ಗಿ ಒಂದು ಗಿಡ ಕಿತ್ತು ನೋಡಿದರು. ಲಾಯಕ್ಕೆ ಹೋಗಿ ಕೆಂಚನ ಬಾಯಿ ಬಿಡಿಸಿ ನೋಡಿದರು. ದವಡೆ ಹಲ್ಲುಗಳೆಲ್ಲ ಸವೆದು ನುಣ್ಣಗಾಗಿದ್ದವು. ಪಾಪ, ಅದು ಅಗಿಯಲಾಗದೆ ಕಾಳನ್ನು ಹಾಗೇ ನುಂಗುತ್ತಿತ್ತು.

"ಅಯ್ಯೋ ನನ್ನಪ್ಪಾ, ದಿನಾ ತಿಂದೂ ಹಸ್ಕೊಂಡಿದ್ಯಲ್ಲೋ," ಅಂತ ಅಪ್ಪ ಅದರ ಕತ್ತು ತಬ್ಬಿದರು.

ಅವತ್ತೇ ಹುರುಳಿ ಬೇಯಿಸಿ, ಒರಳಿನಲ್ಲಿ ರುಬ್ಬಿ, ಬೂಸಾ ಬೆರೆಸಿ ಕೊಡುವುದು ಅಂತಾಯಿತು. ರುಬ್ಬಲು ಕೂತವರು ಅಪ್ಪ! ನಮ್ಮೂರಲ್ಲಿ ಗಂಡಸರು ಒರಳು ಮುಟ್ಟುತ್ತಿರಲಿಲ್ಲ. ಅತ್ತೆ ಗೋಡೆಯಾಚೆಯಿಂದ ಇಣುಕಿ, "ಏನಣ್ಣಾ, ಅಡುಗೆಮನೆ ನಿಂದೇನಾ ಇನ್ಮೇಲೆ?" ಅಂತ ನಕ್ಕರು. ಅಪ್ಪ ರುಬ್ಬುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಅಕ್ಕ ಎದುರಿಗೆ ಬಂದು ಕೂತು, ಹಿಟ್ಟನ್ನು ಕೈಯಿಂದ ಒರಳಿಗೆ ತಳ್ಳತೊಡಗಿದಳು. ಬೇಸಿಗೆ ಬರುವಷ್ಟರಲ್ಲಿ ಕೆಂಚ ಮೈ ತುಂಬಿಕೊಂಡಿತು.

ಈಗ ಆ ಲಾಯದ ಜಾಗದಲ್ಲಿ ನಿಮ್ಮ ಅಪಾರ್ಟ್‌ಮೆಂಟ್ ನಿಂತಿದೆ. ನಿನ್ನೆ ಸೈಕಲ್ ಕಾಣಲಿಲ್ಲ ಅಂತ ನೀವು ವಾಚ್‌ಮನ್ ಅಂಕಲ್ ಮೇಲೆ ಅನುಮಾನಪಟ್ಟಿರಿ. ಕ್ಯಾಮೆರಾ ನೋಡಿದರೆ, ಸೈಕಲ್ಲನ್ನು ಪಾರ್ಕಿನಲ್ಲಿ ಬಿಟ್ಟು ಬಂದವರು ನೀವೇ! ನಮ್ಮಪ್ಪನಿಗೆ ಕ್ಷಮೆ ಕೇಳಲು ಬಾಯಿ ಬರುತ್ತಿರಲಿಲ್ಲ, ಆದರೆ ಅದನ್ನು ರುಬ್ಬಿ ತೋರಿಸಲು ಮನೆಯಲ್ಲಿ ಒರಳಿತ್ತು. ನಿಮ್ಮ ಮನೆಯಲ್ಲಿರುವುದು ಮಿಕ್ಸಿ. ಏಳಿ, ಕೆಳಗೆ ವಾಚ್‌ಮನ್ ಅಂಕಲ್ ಹತ್ತಿರ ಹೋಗಿ ಬಾಯಿಬಿಟ್ಟೇ ಕ್ಷಮೆ ಕೇಳಿ ಬನ್ನಿ.