ಯಂತ್ರದ ಬೆನ್ನ ಮೇಲೆ ಬರೆದದ್ದು

ಮಂಜಣ್ಣ, ಆ ವಿಮಾನದ ಆಟದಲ್ಲಿ ನಿಮ್ಮ ಹೆಸರಿನ ಮುಂದಿರುವ ತೊಂಬತ್ತೊಂದು ಸಾವಿರ ನಿಮ್ಮದಲ್ಲ. ನನ್ನದು. ನಾನೇ ಆಡಿ, ನಾನೇ ನಿಮ್ಮ ಹೆಸರು ಹಾಕಿ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತೆ. ಸೋಮವಾರ ನೀವು ಕೊಡಲಿರುವ ಅರ್ಜಿಗೆ ಕಾರಣ ನಿಮ್ಮ ಕೈಗಳಲ್ಲ — ನಾನು.

ಒಂದೇ ಉಸಿರಿಗೆ ಹೇಳಿಬಿಟ್ಟೆ. ಈಗ ಮೊದಲಿಂದ ಹೇಳುತ್ತೇನೆ. ಓದುವಾಗ ನಗು ಬಂದರೆ ನಕ್ಕುಬಿಡಿ. ಬರೆಯುವಾಗ ನನಗೇ ಎರಡು ಸಲ ಬಂತು.

ಹೊಸಪೇಟೆಯಲ್ಲಿ ಹಂಪಿ ರಸ್ತೆಯ ಮೇಲಿರುವ ನಮ್ಮ ಬಾರಿಗೆ ಕುಡಿಯಲು ಬರುವವರಿಗಿಂತ ಆಡಲು ಬರುವವರೇ ಹೆಚ್ಚು. ಗೋಡೆಗುಂಟ ಐದು ಹಳೆಯ ವಿಡಿಯೋ ಗೇಮ್ ಯಂತ್ರಗಳು. ನೀವು ಪ್ರತಿ ಭಾನುವಾರ ಕುರೆಕುಪ್ಪದಿಂದ ಬೈಕಿನಲ್ಲಿ ಬರುತ್ತಿದ್ದಿರಿ — ವಾರವಿಡೀ ಕಾರ್ಖಾನೆಯಲ್ಲಿ ಕ್ರೇನಿನ ಲಿವರ್ ಹಿಡಿದ ಕೈಗೆ ರಜೆಯ ದಿನವೂ ಲಿವರೇ ಬೇಕಿತ್ತು. ಕೊರೊನಾ ಬಂದು ಬಾಗಿಲು ಹಾಕುವುದಕ್ಕೆ ಮುಂಚಿನ ಕೊನೆಯ ಭಾನುವಾರ ನೀವು ಎಂಬತ್ತೆರಡು ಸಾವಿರ ದಾಟಿದಿರಿ. ಜನರೆಲ್ಲ ಎದ್ದು ಶಿಳ್ಳೆ ಹೊಡೆದರು, ಇಬ್ಬರು ನಿಮ್ಮನ್ನು ಹೆಗಲ ಮೇಲೆ ಎತ್ತಿದರು, ನಿಮ್ಮ ತಲೆ ಫ್ಯಾನಿಗೆ ತಗಲುವುದು ಕೂದಲೆಳೆಯಲ್ಲಿ ತಪ್ಪಿತು. ಆ ಗದ್ದಲದಲ್ಲಿ ಅಂಕಿ ನಿಮಗೆ ಸರಿಯಾಗಿ ನೆನಪುಳಿಯಲಿಲ್ಲ. ನಾನು ಮಾತ್ರ ಎಂದಿನಂತೆ ರಾತ್ರಿ ಯಂತ್ರ ಸರಿಸಿ, ಹಿಂಬದಿಯ ತಗಡಿನ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟೆ. ಅದರ ಬೆನ್ನು ಗೋಡೆಗಿರುವುದರಿಂದ ಬೇರೆ ಯಾರೂ ನೋಡುವ ಹಾಗಿರಲಿಲ್ಲ.

ಆಮೇಲೆ ಎಲ್ಲ ಬಂದ್ ಆಯಿತು. ನಿಮಗೆ ಜ್ವರ ಬಂದು ಆಸ್ಪತ್ರೆ ಸೇರಿದ ಸುದ್ದಿ ತಿಳಿಯಿತು. ಫೋನ್ ಮಾಡಿದರೆ ಕೆಮ್ಮಿನ ನಡುವೆ ನೀವು ಕೇಳಿದ್ದು ಒಂದೇ: "ನನ್ ಹೆಸರು ಐತಿಲ್ರಿ ವಿರೂಪಾಕ್ಷಣ್ಣ, ಮ್ಯಾಲೆ?" ಐತಿ ಎಂದೆ. ಆಗ ನಿಜವಾಗಿಯೂ ಇತ್ತು.

ಬಾರ್ ತೆರೆಯಲು ಅನುಮತಿ ಬಂತು, ಆದರೆ ಪಾರ್ಸೆಲ್ ಮಾತ್ರ. ಆಟಗಳ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲ. ವಿಚಾರಿಸಲು ಅಬಕಾರಿ ಕಚೇರಿಗೆ ಹೋದರೆ ಅಲ್ಲಿದ್ದವರು ಮಾಸ್ಕ್ ಕೆಳಗಿಳಿಸಿ ಕೇಳಿದರು: "ನಿಮ್ಮಲ್ಲಿ ಮಂದಿ ಕುಡಿಯಾಕ ಬರ್ತಾರೋ, ಆಡಾಕ ಬರ್ತಾರೋ?" ಎರಡಕ್ಕೂ ಅಂದೆ. "ಹಂಗಾದ್ರ ಅರ್ಧ ತೆಗೀರಿ" ಎಂದರು. ಅರ್ಧ ಬಾರ್ ತೆಗೆಯುವುದು ಹೇಗೋ — ಇವತ್ತಿಗೂ ನನಗೆ ತಿಳಿದಿಲ್ಲ. ಕಿಟಕಿಯಲ್ಲಿ ಪಾರ್ಸೆಲ್ ಕೊಟ್ಟೆ, ಯಂತ್ರಗಳ ಮೇಲೆ ಹಾಸಿಗೆಯ ಚಾದರ ಹೊದಿಸಿದೆ, ನೆಲದ ಮೇಲೆ ಸುಣ್ಣದಲ್ಲಿ ದುಂಡು ದುಂಡಾಗಿ ಗುರುತು ಬರೆದೆ. ಹೆಂಡತಿ ಗಿರಿಜಾ ನೋಡಿ, ಕುಂಟಾಬಿಲ್ಲೆ ಆಡ್ತೀರೇನು ಎಂದು ಕೇಳಿದಳು.

ಯಂತ್ರಗಳನ್ನು ಶುಚಿ ಮಾಡಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ಬಟ್ಟೆಯಲ್ಲಿ ಒರೆಸಿದರೆ ಸಾಕಿತ್ತು. ನಾನು ಜಾಣ — ಕಡ್ಡಿರಾಂಪುರದ ಗೆಳೆಯನ ಬಾಳೆ ತೋಟದಿಂದ ಎಣ್ಣೆ ಹೊಡೆಯುವ ಪಂಪು ತಂದೆ. ಅದೇ, ಬೆನ್ನಿಗೆ ಕಟ್ಟಿಕೊಂಡು ಬೆಳೆಗೆ ಔಷಧಿ ಸಿಂಪಡಿಸುತ್ತಾರಲ್ಲ, ಅದು. ಚೆನ್ನಾಗಿ ತೊಳೆದು, ಬ್ಲೀಚಿಂಗ್ ಪುಡಿ ಕದಡಿದ ನೀರು ತುಂಬಿ, ಬಾಳೆಗಿಡಕ್ಕೆ ಹೊಡೆದಂತೆ ಐದೂ ಯಂತ್ರಗಳಿಗೆ ಮೇಲಿಂದ ಕೆಳಗಿನವರೆಗೆ ಹೊಡೆದೆ. ಒಂದು ಹುಳವೂ ಉಳಿಯಬಾರದು ಎಂಬ ಹುರುಪು! ಸ್ವಿಚ್ ಹಾಕಿದಾಗ ನಾಲ್ಕು ಬದುಕಿದ್ದವು. ವಿಮಾನದ ಆಟ ಮಾತ್ರ ಟಸ್ ಎಂದು ಸುಮ್ಮನಾಯಿತು.

ಅದರ ಒಳಗಿನ ಬೋರ್ಡನ್ನು ಬಿಚ್ಚಿ, ಮಾಳಿಗೆಯ ಮೇಲೆ ಗಿರಿಜಾ ಇಟ್ಟ ಸಂಡಿಗೆಯ ಪಕ್ಕ ಮೂರು ದಿನ ಒಣಗಿಸಿದೆ. ಯಂತ್ರಕ್ಕೆ ಜೀವ ಬಂತು. ಹೆಸರುಗಳ ಜಾಗದಲ್ಲಿ ಮಾತ್ರ ಬರೀ ಸೊನ್ನೆ.

ನಿಮಗೆ ಆಗಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಆಸ್ಪತ್ರೆಯಿಂದ ಬಂದ ಮನುಷ್ಯನಿಗೆ ಇದನ್ನು ಹೇಗೆ ಹೇಳಲಿ — ಅಂದುಕೊಂಡು, ನಾನೇ ಆಡಿ ಆ ಅಂಕಿ ಮುಟ್ಟಿಸಿ ನಿಮ್ಮ ಹೆಸರು ಕೂರಿಸುತ್ತೇನೆ ಎಂದು ನಿರ್ಧರಿಸಿದೆ. ಮಧ್ಯಾಹ್ನ ಪಾರ್ಸೆಲ್ ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಚಾದರ ಸರಿಸಿ ನಿಲ್ಲುತ್ತಿದ್ದೆ. ಮೊದಲ ವಾರ ಆರು ಸಾವಿರವೂ ದಾಟಲಿಲ್ಲ. "ಗ್ಯಾಸ್ ಹಚ್ಚಾಕ ಬರಂಗಿಲ್ಲ, ವಿಮಾನ ಹೊಡಿಯಾಕ ನಿಂತಾರ" ಎಂದು ಗಿರಿಜಾ ಚಹಾ ಇಟ್ಟು ಹೋಗುತ್ತಿದ್ದಳು. ಬೆರಳಲ್ಲಿ ಬೊಬ್ಬೆ ಎದ್ದವು. ಆದರೂ, ಮಂಜಣ್ಣ, ಅಷ್ಟು ಖುಷಿಯ ದಿನಗಳನ್ನು ನಾನು ಕಂಡೇ ಇರಲಿಲ್ಲ. ಊರೆಲ್ಲ ಹೆದರಿ ಬಾಗಿಲು ಹಾಕಿಕೊಂಡಿದ್ದಾಗ ನಾನು ಖಾಲಿ ಬಾರಿನಲ್ಲಿ ಒಬ್ಬನೇ ಕುಣಿಯುತ್ತಿದ್ದೆ.

ಒಂದು ಮಧ್ಯಾಹ್ನ ಎಂಬತ್ತೆರಡು ದಾಟಿತು. ಅಲ್ಲಿಗೆ ವಿಮಾನ ಬೀಳಿಸಿದ್ದರೆ ಮುಗಿಯುತ್ತಿತ್ತು. ಬೀಳಿಸಲಿಲ್ಲ. ಹುಟ್ಟಿದಾಗಿನಿಂದ ಯಾವ ಆಟದಲ್ಲೂ ಗೆದ್ದವನಲ್ಲ ನಾನು — ಇನ್ನೊಂದಿಷ್ಟು, ಇನ್ನೊಂದೇ ಇಷ್ಟು — ತೊಂಬತ್ತೊಂದಕ್ಕೆ ನಿಂತಿತು. ಅದರ ಪಕ್ಕ ನಿಮ್ಮ ಹೆಸರಿನ ಮೂರು ಅಕ್ಷರ ಕೂರಿಸಿದೆ.

ಆಟಕ್ಕೂ ಅನುಮತಿ ಬಂದ ಮೊದಲ ಭಾನುವಾರ ನೀವು ಮಾಸ್ಕ್ ಹಾಕಿ, ತೆಳ್ಳಗಾಗಿ ಬಂದಿರಿ. ಕುರ್ಚಿಯನ್ನೂ ನೋಡದೆ ನೇರ ಯಂತ್ರದ ಬಳಿ ಹೋದಿರಿ. "ತೊಂಬತ್ತೊಂದೇನ್ರಿ? ಎಂಬತ್ತರ ಮ್ಯಾಲೆ ಚಿಲ್ರೆ ಅಲ್ಲ?"

ನಾನು ಹೇಳಿದೆ: "ತೊಂಬತ್ತೊಂದ, ಮಂಜಣ್ಣ. ನಿಮ್ದ ಕೈ ಅದು."

ನಿಮ್ಮ ಕಣ್ಣಲ್ಲಿ ನೀರು ಬಂತು. ಆಮೇಲೆ ಆಡಿದಿರಿ, ಎಪ್ಪತ್ತಕ್ಕೆ ಬಿದ್ದಿರಿ, ಜ್ವರ ಕೈ ತಿಂದಿತು ಎಂದು ನಕ್ಕಿರಿ. ಅಲ್ಲಿಂದ ಶುರುವಾಯಿತು. ನಿಮ್ಮ ಕಾರ್ಖಾನೆಯ ಡಾಕ್ಟರು ಕೈ ಚೆನ್ನಾಗಿವೆ ಎಂದರೂ ನೀವು ನಂಬಲಿಲ್ಲ. ನನ್ನ ಯಂತ್ರವನ್ನು ನಂಬಿದಿರಿ. ವರ್ಷಗಟ್ಟಲೆ ಭಾನುವಾರ ಬಂದು, ನಿಮ್ಮದಲ್ಲದ ಅಂಕಿಯ ಕೆಳಗೆ ನಿಂತು ಕೈ ನೋಡಿಕೊಂಡಿರಿ.

ನಿಮ್ಮ ಮನಸ್ಸು ನೋಯಬಾರದು ಎಂದು ಸುಮ್ಮನಿದ್ದೆ ಅಂದರೆ ಅದು ಇನ್ನೊಂದು ಸುಳ್ಳು. ನನ್ನ ಅಂಕಿ ಮೇಲೆಯೇ ಉಳಿದದ್ದು ನನಗೆ ಹಿತವಾಗಿತ್ತು. ನೀವು ಸೋತಾಗಲೆಲ್ಲ ಕೌಂಟರಿನ ಹಿಂದೆ ನಾನು ಒಳಗೊಳಗೇ ಗೆಲ್ಲುತ್ತಿದ್ದೆ. ಅಸಹ್ಯ ಅನಿಸುತ್ತದೆ, ಆದರೆ ಇದ್ದದ್ದು ಹಾಗೇ.

ಹೋದ ಭಾನುವಾರ ಎಂಬತ್ತಾರು ಸಾವಿರಕ್ಕೆ ಬಿದ್ದು ನೀವು ಹೇಳಿದಿರಿ: "ಸಾಕ್ರಿ. ಕ್ರೇನ್ ಬ್ಯಾಡ, ಸ್ಟೋರಿಗೆ ಹಾಕ್ರಿ ಅಂತ ಅರ್ಜಿ ಬರ್ದೀನಿ. ಬರೋ ಸೋಮವಾರ ಕೊಡ್ತೀನಿ." ಇಪ್ಪತ್ತು ವರ್ಷ ಕ್ರೇನಿನ ಮೇಲಿಂದ ಲೋಕ ನೋಡಿದವರು ನೀವು. ನನ್ನ ಕೈಯಲ್ಲಿದ್ದ ಸೋಡಾ ಬಾಟಲಿ ಜಾರಿ ಒಡೆಯಿತು. ನೀವೇ ಬಾಗಿ ಚೂರು ಆರಿಸಿಕೊಟ್ಟಿರಿ — ಬೆರಳು ಒಂದಿಷ್ಟೂ ನಡುಗಲಿಲ್ಲ.

ಈ ಪತ್ರವನ್ನು ಶನಿವಾರ ನಾನೇ ಕುರೆಕುಪ್ಪಕ್ಕೆ ಬಂದು ನಿಮ್ಮ ಕೈಗೆ ಕೊಡುತ್ತೇನೆ. ನೀವು ಓದಿ ಮುಗಿಸುವ ತನಕ ಎದುರಿಗೇ ಕೂತಿರುತ್ತೇನೆ. ಬೈಯಿರಿ, ಕ್ಷಮಿಸುವ ಅಗತ್ಯವಿಲ್ಲ. ಆದರೆ ಅರ್ಜಿ ಕೊಡುವ ಮುಂಚೆ ಭಾನುವಾರ ಒಂದು ಸಲ ಬಾರಿಗೆ ಬನ್ನಿ. ವಿಮಾನದ ಆಟವನ್ನು ತಿರುಗಿಸಿ, ಬೆನ್ನು ನಿಮ್ಮ ಕಡೆ ಮಾಡಿ ನಿಲ್ಲಿಸಿರುತ್ತೇನೆ. ತಗಡಿನ ಮೇಲೆ ಮೊದಲು ನಿಮ್ಮ ನಿಜವಾದ ಎಂಬತ್ತೆರಡು ಇದೆ. ಅದರ ಕೆಳಗೆ, ಜ್ವರದ ನಂತರ ನೀವು ಅದನ್ನು ದಾಟಿದ ಅಂಕಿಗಳೂ ಇವೆ — ಒಂಬತ್ತು ಸಲ, ಮಂಜಣ್ಣ. ಒಂಬತ್ತು ಸಲವೂ ಬರೆದಿಟ್ಟವನು ನಾನೇ. ಒಂಬತ್ತು ಸಲವೂ, ಕೈ ಹೋದವು ಎಂದು ನೀವು ಮನೆಗೆ ಹೋಗುವುದನ್ನು ನೋಡುತ್ತ ನಿಂತವನೂ ನಾನೇ.