ಬಾಯಿಗೆ ಬಾರದ ಚಿಲಕ

ಮಾತಿನಲ್ಲಿ ನನ್ನನ್ನು ಸೋಲಿಸುವವನು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಮಾತು ಕೇಳಿಸಿಕೊಂಡು ಸುಮ್ಮನಾಗಿದ್ದಾನೆ. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತವನು ನಾನು. ಒಮ್ಮೆ ನನ್ನ ಪ್ರಕಟಣೆಗೆ ಮೈಮರೆತು ನಿಂತ ಡ್ರೈವರೊಬ್ಬ ತನ್ನ ಬಸ್ಸನ್ನೇ ತಪ್ಪಿಸಿಕೊಂಡ. ಇಂಥ ನಾನು ಒಂದು ಪದಕ್ಕಾಗಿ ತಡಕಾಡಿದ್ದು ಎಂದೂ ಇಲ್ಲ. ಆದ್ದರಿಂದ ಗೆಳೆಯ ಅರ್ಧಿಂಚಿನ ಬಾಯಿಂದ ಪದಗಳು ಕಾಣೆಯಾದಾಗ, ನನ್ನಲ್ಲಿ ಹೆಚ್ಚಾಗಿರುವುದನ್ನು ಕೊಟ್ಟರೆ ಮುಗಿಯಿತು ಎಂದುಕೊಂಡೆ.

ಅರ್ಧಿಂಚು ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ಮೂವತ್ತೆಂಟು ವರ್ಷ ನಿಂತವನು. ಅಂಗಡಿ ಅವನ ಭಾವನದು, ಅಂದರೆ ಹೆಂಡತಿಯ ಅಣ್ಣನದು. ಯಾರು ಏನು ಕೇಳಿದರೂ "ಅರ್ಧ ಇಂಚಾ, ಮುಕ್ಕಾಲಾ?" ಎಂದು ತಿರುಗಿ ಕೇಳುತ್ತಿದ್ದುದರಿಂದ ಅವನಿಗೆ ಆ ಹೆಸರು. ಡಬ್ಬಿಯೊಳಗೆ ಕೈ ಹಾಕಿ, ನೋಡದೆಯೇ ಸ್ಕ್ರೂವಿನ ಅಳತೆ ಹೇಳುತ್ತಿದ್ದ. ಸೊಳ್ಳೆ ಕಚ್ಚಿದರೆ ಅದರ ಸೂಜಿಯ ದಪ್ಪವನ್ನೂ ಹೇಳುತ್ತಿದ್ದ.

ಆ ಅಂಗಡಿಯಲ್ಲಿ ಸಣ್ಣಪುಟ್ಟದ್ದು ಬಿಟ್ಟರೆ ಸಾಮಾನೆಲ್ಲ ಅಟ್ಟದ ಮೇಲೆ. ಕೌಂಟರಿನವನು ಸಾಮಾನಿನ ಹೆಸರು ಕೂಗಬೇಕು, ಅಟ್ಟದವನು ಹುಡುಕಿ ಕೆಳಕ್ಕೆ ಎಸೆಯಬೇಕು, ಕೌಂಟರಿನವನು ಹಿಡಿಯಬೇಕು. ಅಟ್ಟದವನು ಇಪ್ಪತ್ತು ವರ್ಷದಿಂದ ಮೇಲೆಯೇ ಇದ್ದು, ನೆಲಕ್ಕಿಳಿದರೆ ತಲೆ ಸುತ್ತುತ್ತದೆ ಎನ್ನುವ ಹಂತ ತಲುಪಿದ್ದ.

ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಅರ್ಧಿಂಚು ಕುಸಿದು ಬಿದ್ದ. ಮೆದುಳಿನ ರಕ್ತನಾಳ ಕಟ್ಟಿ ಪಾರ್ಶ್ವವಾಯು ಬಡಿದಿತ್ತು. ಎರಡು ತಿಂಗಳಲ್ಲಿ ಕೈಕಾಲು ಸರಿಹೋದವು, ಮಾತು ಸರಿಹೋಗಲಿಲ್ಲ. ವೈದ್ಯರು ಇದಕ್ಕೆ ಅಫೇಸಿಯಾ ಎಂದರು. ಆ ಪದವನ್ನು ಸರಿಯಾಗಿ ಹೇಳಲು ಆರೋಗ್ಯವಾಗಿದ್ದ ನಮಗೇ ಮೂರು ದಿನ ಬೇಕಾಯಿತು. ಅವನಿಗೆ ಎಲ್ಲವೂ ಅರ್ಥವಾಗುತ್ತಿತ್ತು, ವಸ್ತು ಯಾವುದು, ಯಾಕೆ ಎಂದು ಗೊತ್ತಿತ್ತು. ಹೆಸರು ಮಾತ್ರ ನಾಲಿಗೆಯ ತುದಿಗೆ ಬಂದು ವಾಪಸು ಹೋಗುತ್ತಿತ್ತು. ಹಾಳಾಗದೆ ಉಳಿದದ್ದು ಹಳೆಯ ಒಂದೇ ವಾಕ್ಯ. ಅವನ ಹೆಂಡತಿ, ನನಗೆ ಅತ್ತಿಗೆ, ಚಹಾ ತಂದು ಇನ್ನೂ ಬೇಕೇ ಎಂದರೆ, "ಅರ್ಧ ಇಂಚಾ, ಮುಕ್ಕಾಲಾ?" ಎನ್ನುತ್ತಿದ್ದ. ಅತ್ತಿಗೆ ಮುಖ ಬದಲಿಸದೆ ಮುಕ್ಕಾಲು ಲೋಟ ಹಾಕುತ್ತಿದ್ದರು.

ಭಾವ ಕೆಟ್ಟವರಲ್ಲ. ತಿಂಗಳು ಮುಗಿಯುವುದರೊಳಗೆ ಒಂದು ಬೆಳಗಿನ ವ್ಯಾಪಾರ ಸಂಭಾಳಿಸಿದರೆ ಕೌಂಟರು ನಿನ್ನದೇ, ಇಲ್ಲದಿದ್ದರೆ ಬೇರೆಯವರನ್ನು ಇಡುತ್ತೇನೆ, ನಿನಗೆ ಬಾಗಿಲ ಪಕ್ಕ ಒಂದು ಕುರ್ಚಿ, ಅದಕ್ಕೊಂದು ದಿಂಬು ಎಂದರು. ಅರ್ಧಿಂಚು ಆ ದಿಂಬನ್ನು ನೋಡಿದ ರೀತಿಗೆ ಅದರ ಹತ್ತಿ ಅರ್ಧ ಕುಗ್ಗಿತು. ನಿಂತವನಿಗೆ ಕೂರುವುದು ಬೇಕಿರಲಿಲ್ಲ.

ಚಿಕಿತ್ಸೆ ಆಸ್ಪತ್ರೆಯ ಮಹಡಿಯಲ್ಲಿ. ಒಂದು ಮೇಜು, ಮೂರು ಕುರ್ಚಿ, ಚಿತ್ರದ ಕಾರ್ಡುಗಳ ಪೆಟ್ಟಿಗೆ, ಮತ್ತು ನಮ್ಮ ಮಕ್ಕಳ ವಯಸ್ಸಿನ ಮಾತಿನ ಟೀಚರು. ಮೊದಲ ದಿನ ಅವರು ಒಂದು ಕಾರ್ಡು ಎತ್ತಿ ಹಿಡಿದರು. ಅರ್ಧಿಂಚು ಬಾಯಿ ತೆರೆಯುವಷ್ಟರಲ್ಲಿ ನಾನು ಹಿಂದಿನಿಂದ ಕೊಡೆ ಎಂದೆ. ಬಾಚಣಿಗೆ, ಆನೆ, ಏಣಿ, ಎಲ್ಲವನ್ನೂ ಒಂದರ ಹಿಂದೊಂದು ಹೇಳಿ ಮುಗಿಸಿದೆ.

"ಸರ್, ನಿಮಗೆ ತುಂಬಾ ಚೆನ್ನಾಗಿ ಬರುತ್ತೆ," ಎಂದರು ಟೀಚರು. "ನಿಮಗೆ ಚಿಕಿತ್ಸೆ ಬೇಕಾಗಿಲ್ಲ. ಹೊರಗೆ ಬೆಂಚಿದೆ."

ಮೂರು ದಿನ ಬೆಂಚಿನಲ್ಲಿ ಕಳೆದ ಮೇಲೆ ಷರತ್ತಿನ ಮೇಲೆ ಒಳಗೆ ಸೇರಿಸಿಕೊಂಡರು. ಪದ ಹೇಳಿಕೊಡಬಾರದು. ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಆಗಲೂ ಬರದಿದ್ದರೆ ಅದು ಏನಕ್ಕೆ, ಎಲ್ಲಿರುತ್ತದೆ, ಹೇಗಿರುತ್ತದೆ ಎಂದು ಕೇಳಬೇಕು. ಆಮೇಲೆ ಬೇಕಾದರೆ ಮೊದಲ ಅಕ್ಷರ. ಸುತ್ತಲಿನದನ್ನು ಹೇಳುತ್ತಾ ಹೋದರೆ ಹೆಸರು ತಾನಾಗಿ ಬರಬಹುದು. ಬರದಿದ್ದರೂ ಕೇಳುವವನಿಗೆ ಗೊತ್ತಾಗುತ್ತದೆ, ಅದೂ ಮಾತೇ ಎಂದು ಅವರು ವಿವರಿಸಿದರು. ಹತ್ತು ಎಣಿಸುವುದು ಎಷ್ಟು ದೂರ ಎಂದು ನನಗೆ ಆಗ ತಿಳಿಯಿತು. ಆರರ ಹತ್ತಿರ ನನ್ನ ಗಡ್ಡ ಬೆಳೆಯುವುದು ನನಗೇ ಕೇಳಿಸುತ್ತಿತ್ತು.

ಎರಡನೆಯ ವಾರ ಅತ್ತಿಗೆ ಕಾರ್ಡಿನ ಬದಲು ಅಂಗಡಿಯ ಸಾಮಾನನ್ನೇ ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿದರು. ಆನೆಗೆ ಆಕಳಿಸುತ್ತಿದ್ದವನು ನೆಟ್ಟಗೆ ಕೂತ. ಸುತ್ತಿಗೆ ಬಂತು, ಮೊಳೆ ಬಂತು, ಕೊಕ್ಕೆ ಬಂತು. ಇಕ್ಕಳ ಮಂಗಳವಾರ ಮಾತ್ರ ಬರುತ್ತಿತ್ತು. ಚಿಲಕ ಒಂದು ದಿನವೂ ಬರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಭಾವ ಮೂಲೆಯಲ್ಲಿ ಕೈಕಟ್ಟಿ ನಿಂತರು. ಕುರ್ಚಿ, ದಿಂಬು ಬಾಗಿಲ ಪಕ್ಕ ಸಿದ್ಧವಾಗಿದ್ದವು. ನಾನು ಸಹಾಯಕ್ಕೆಂದು ಸ್ಟೂಲಿನ ಮೇಲೆ ಕೂತು, ಬಂದ ಗಿರಾಕಿಗಳಿಗೆಲ್ಲ, ಪಾಪ, ವಯಸ್ಸಾಗಿದೆ, ಅವನಿಗೆ ಸ್ವಲ್ಪ ಟೈಮ್ ಕೊಡಿ ಎಂದು ಹೇಳುತ್ತಿದ್ದೆ. ಅರ್ಧಿಂಚು ಕೇಳಿಸಿಕೊಂಡು, ನನ್ನ ಕಡೆ ಒಮ್ಮೆ ನೋಡಿ, ಕೌಂಟರು ಒರೆಸಿದ. ಮೊಳೆ, ಸ್ಕ್ರೂ, ಬಣ್ಣದ ಬ್ರಶ್ಶು, ಎಲ್ಲ ಹೇಗೋ ಸಾಗಿದವು. ಹನ್ನೊಂದರ ಸುಮಾರಿಗೆ ಒಬ್ಬ ಅಜ್ಜಿ ಬಂದು, ಬಾಗಿಲಿಗೆ ಹೀಗೆ ಎಳೆಯುವುದು ಬೇಕು ಎಂದು ಗಾಳಿಯಲ್ಲಿ ಎಳೆದು ತೋರಿಸಿದರು.

ಅರ್ಧಿಂಚು ತಲೆಯಾಡಿಸಿದ. ಅಟ್ಟದ ಕಡೆ ಮುಖ ಎತ್ತಿದ. ಬಾಯಿ ತೆರೆದೇ ಇತ್ತು, ಹೆಸರು ಹೊರಗೆ ಬರಲಿಲ್ಲ. ನಾನು ಎಣಿಸತೊಡಗಿದೆ. ನಾಲ್ಕರ ಹೊತ್ತಿಗೆ ಭಾವ ದಿಂಬಿನ ಕಡೆ ನೋಡಿದರು. ನನಗೆ ತಡೆಯಲಾಗಲಿಲ್ಲ. ಮೂವತ್ತೊಂದು ವರ್ಷದ ಮೈಕಿನ ಗಂಟಲಿನಿಂದ "ಬೀಗ!" ಎಂದು ಕೂಗಿಬಿಟ್ಟೆ.

ಮೇಲಿನಿಂದ ಅರ್ಧ ಕಿಲೋ ತೂಕದ ಬೀಗ ಬಂದು ನನ್ನ ಸ್ಟೂಲಿನ ಪಕ್ಕ ಬಿತ್ತು.

ಅರ್ಧಿಂಚು ನನ್ನ ಕಡೆ ತಿರುಗದೆ, ಸುಮ್ಮನಿರು ಎಂಬಂತೆ ಅಂಗೈ ಅಡ್ಡ ಹಿಡಿದ. ಆಮೇಲೆ ಮೇಲೆ ನೋಡಿ, ಟೀಚರ ಮೇಜಿನ ಮುಂದೆ ಹೇಳುವಂತೆ ಒಂದೊಂದೇ ಹೇಳಿದ. "ಬಾಗಿಲ ಒಳಗಡೆ... ಅಡ್ಡ... ಎಳೀತೀವಿ. ಕಬ್ಬಿಣದ್ದು. ಹಿಡಿ... ಬಾಗಿರುತ್ತೆ."

"ಚಿಲಕ ತಾನೇ ಅಣ್ಣ?" ಎಂದ ಅಟ್ಟದವನು.

"ಅದೇ. ಆರು ಇಂಚು."

ಚಿಲಕ ಹಾರಿ ಬಂತು. ಅರ್ಧಿಂಚು ಒಂದೇ ಕೈಯಲ್ಲಿ ಹಿಡಿದ. "ಬಂದಾಗಿನಿಂದ ನನಗೂ ಅದರ ಹೆಸರು ನೆನಪಾಗಿರಲಿಲ್ಲ ನೋಡಿ," ಎಂದು ಅಜ್ಜಿ ಅದನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೋದರು. ಭಾವ ಕಟ್ಟಿದ ಕೈ ಬಿಟ್ಟರು. ಈ ಅಂಗಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಹೀಗೆಯೇ ಕೇಳುತ್ತಾರೆ ಎಂಬುದು ಅವರಿಗೆ ಆಗಷ್ಟೇ ಹೊಳೆದಂತಿತ್ತು. ದಿಂಬನ್ನು ಎತ್ತಿ ಒಳಗಿಟ್ಟರು. ಕುರ್ಚಿಯ ಮೇಲೆ ಪೈಪುಗಳನ್ನು ಜೋಡಿಸಿದರು.

ಇದಾಗಿ ಎರಡು ತಿಂಗಳಿಗೆ ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕತೊಡಗಿತು. ಅಂಗಡಿಗೆ ಹೋಗಿ ಕೌಂಟರಿಗೆ ಮೊಣಕೈ ಊರಿ, ಗಂಟಲು ಸರಿಮಾಡಿಕೊಂಡು, ನಲ್ಲಿ ಸೋರುತ್ತಿದೆ ಎಂದು ಹೇಳಿ, ಬೇಕಾದ್ದನ್ನು ಕೇಳಹೊರಟೆ. ಹೆಸರು ಬರಲಿಲ್ಲ. ರಬ್ಬರಿನದು, ದುಂಡಗೆ, ನಡುವೆ ತೂತು. ಅದು ಕಣ್ಣೆದುರಿಗೆ ಗಿರಗಿರ ತಿರುಗುತ್ತಿತ್ತು. ಹೆಸರಿನ ಜಾಗದಲ್ಲಿ ಬರಿ ತೂತು. ಬೆವರು ಒರೆಸಿಕೊಂಡೆ. ಮೇಲಿನಿಂದ ಅಟ್ಟದವನು ಬಗ್ಗಿ, ಹೇಳಿಕೊಡಲು ಬಾಯಿ ತೆರೆದ.

ಅರ್ಧಿಂಚಿನ ಮುಷ್ಟಿಯೊಳಗೆ ವಾಷರು ಆಗಲೇ ಇತ್ತು. ಅವನು ಇನ್ನೊಂದು ಕೈ ಎತ್ತಿ ಅಟ್ಟದವನನ್ನು ತಡೆದ. ಆಮೇಲೆ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ, ಎಲ್ಲೂ ತಡವರಿಸದೆ ಹೇಳಿದ:

"ಹೇಳ್ಕೊಡಬೇಡ ಕಣಯ್ಯ. ಪಾಪ, ವಯಸ್ಸಾಗಿದೆ, ಅವನಿಗೆ ಸ್ವಲ್ಪ ಟೈಮ್ ಕೊಡು."