ಬಟ್ಟೆಯಿಲ್ಲದ ಹೊಲಿಗೆ

ಟೈಲರಮ್ಮನ ಕಾಲು ಸುಮ್ಮನಿದ್ದದ್ದನ್ನು ಆ ಬೀದಿಯಲ್ಲಿ ಯಾರೂ ಕಂಡವರಿಲ್ಲ. ತರಕಾರಿ ಆರಿಸುವಾಗಲೂ ಹಿಮ್ಮಡಿ ಮೇಲೆ ಕೆಳಗೆ ಆಡುತ್ತಲೇ ಇರುತ್ತಿತ್ತು. ಜನ ನಗುತ್ತಿದ್ದರು. ನಗುವವರಿಗೇನು ಗೊತ್ತು? ದಿನದ ಅರ್ಧ ಹೊತ್ತು ಅವಳು ತುಳಿಯುತ್ತಿದ್ದದ್ದು ದಾರವೂ ಇಲ್ಲದ, ಬಟ್ಟೆಯೂ ಇಲ್ಲದ ಬರಿ ಮಿಷಿನ್ನನ್ನು.

ಕಾರಣ ಅತ್ತೆ. ಮುದುಕಿಗೆ ಮರೆವು ಅಮರಿಕೊಂಡಿತ್ತು. ಮಿಷಿನ್ನಿನ ಸದ್ದು ಇರುವವರೆಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಬೊಂಬೆಯ ಹಾಗೆ ಕೂತಿರುವಳು. ಸದ್ದು ನಿಂತಿತೋ, ತಟ್ಟನೆ ಎದ್ದು ಅಡುಗೆಮನೆಗೆ ನಡೆದು ಗ್ಯಾಸ್ ಹಚ್ಚುವಳು. ಯಾಕೆ ಎಂದು ಕೇಳುವ ವ್ಯವಧಾನ ಯಾರಿಗಿತ್ತು? ಸೊಸೆ ಹಿಂದೆಯೇ ಓಡಿ ಒಲೆ ಆರಿಸಿ, ತೋಳು ಹಿಡಿದು ತಂದು ಕೂರಿಸಿ, ಮತ್ತೆ ತುಳಿಯುವಳು. ಒಂದು ದಿನ ಓಡುವುದು ತಡವಾಗಿ ಮಸಿಬಟ್ಟೆ ಹೊತ್ತಿಕೊಂಡು ಗೋಡೆ ಕಪ್ಪಾಯಿತು. ಅಂದೇ ಗಂಡ, ಅಮ್ಮನನ್ನು ವೃದ್ಧಾಶ್ರಮಕ್ಕೆ ಬಿಡೋಣ ಎಂದ. ಹೇಳುವಾಗ ಅಮ್ಮ ಕೂತ ಕಡೆ ಅವನು ತಿರುಗಿ ನೋಡಲಿಲ್ಲ, ಅದು ಬೇರೆ ಮಾತು.

ಸೊಸೆ ಹಟ ಹಿಡಿದಳು. ಬಡಾವಣೆಯ ಹಿರಿಯರ ಕೇಂದ್ರದವರು ಮನೆಗೇ ಒಬ್ಬರನ್ನು ಕಳಿಸುತ್ತಾರಂತೆ, ನೋಡಿಕೊಳ್ಳುವವರು ಅಷ್ಟು ಹೊತ್ತು ಹೊರಗೆ ಹೋಗಿ ಉಸಿರಾಡಿಕೊಂಡು ಬರಬಹುದಂತೆ, ಒಂದು ಸಲ ನೋಡೋಣ ಎಂದಳು. ಇದೂ ಆಗದಿದ್ದರೆ ಆಶ್ರಮವೇ ಸರಿ ಎಂಬ ಷರತ್ತಿನ ಮೇಲೆ ಗಂಡ ಒಪ್ಪಿದ.

ಕೇಂದ್ರದಿಂದ ಬಂದಾಕೆ ದಪ್ಪ ಕನ್ನಡಕದ, ನಿಧಾನದ ಹೆಂಗಸು. ಟೈಲರಮ್ಮ ಅವಳನ್ನು ಮಿಷಿನ್ನಿನ ಮುಂದೆ ಕೂರಿಸಿ, ಏನು ಬಿಟ್ಟರೂ ತುಳಿಯುವುದನ್ನು ಮಾತ್ರ ಬಿಡಬೇಡಿ ಎಂದು ಹತ್ತು ಸಲ ಹೇಳಿ ಹೊರಟಳು. ಆಕೆ ತುಳಿದ ತುಳಿತಕ್ಕೆ ಗಾಲಿ ಹಿಂದುಮುಂದಾಗಿ ತಿರುಗುವುದು ಬೀದಿಯವರೆಗೂ ಕೇಳಿಸಿತು.

ಪಾರ್ಕಿನಲ್ಲಿ ಕೂತದ್ದು ಮುಳ್ಳಿನ ಮೇಲೆ ಕೂತಂತಾಯಿತು. ಬಿಡುವು ಸಿಕ್ಕರೆ ಏನು ಮಾಡಬೇಕು ಎಂಬುದೇ ಅವಳಿಗೆ ಮರೆತುಹೋಗಿತ್ತು. ಎದ್ದಳು, ಕೂತಳು, ಗೇಟಿನ ತನಕ ಹೋಗಿ ಬಂದಳು. ಪಕ್ಕದಲ್ಲಿ ಪೇಪರು ಓದುತ್ತಿದ್ದವರು ಬೆಂಚು ಅಲುಗುತ್ತದೆಂದು ಗೊಣಗಿ ಬೇರೆ ಜಾಗ ನೋಡಿಕೊಂಡರು. ಹಾಳಾದ ಕಾಲು. ಮದುವೆಯಾದ ಹೊಸದರಲ್ಲಿ ಅವಳಿಗೆ ಕತ್ತರಿ ಹಿಡಿಯಲು ಕಲಿಸಿದ್ದೇ ಅತ್ತೆ. ಅಂಥವಳನ್ನು ಗುರುತಿಲ್ಲದವರ ಕೈಗೆ ಒಪ್ಪಿಸಿ ಬಂದು ಗಾಳಿ ಕುಡಿಯುತ್ತಿದ್ದೇನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಹೇಳಿದ ಹೊತ್ತಿಗಿಂತ ಮೊದಲೇ ಮನೆಯ ದಾರಿ ಹಿಡಿದಳು. ಬೀದಿಯ ತಿರುವಿನಲ್ಲಿ ಕಿವಿಗೊಟ್ಟರೆ ಸದ್ದಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಓಡಿದಳು.

ಮಿಷಿನ್ನಿನ ಮುಂದೆ ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಟೀ ಸೋಸುತ್ತಿದ್ದಳು. ಕೇಂದ್ರದಾಕೆ ಮಗ್ಗುಲಲ್ಲೇ ನಿಂತು ಒಲೆ ಆರಿಸಿದಳು.

"ನನ್ನ ಮಂಡಿ ಕೈಕೊಡ್ತು, ನಿಲ್ಲಿಸ್ಬಿಟ್ಟೆ. ಇವರು ಎದ್ರು. ಎಲ್ಲಿಗಮ್ಮ ಅಂತ ಕೇಳ್ದೆ. ಉತ್ತರ ಬರೋಕೆ ತುಂಬಾ ಹೊತ್ತಾಯ್ತು, ಕಾದೆ," ಎಂದಳು.

ಅತ್ತೆ ಸೊಸೆಯ ಕಡೆ ತಿರುಗಿದಳು. "ನೀನು ಹೊಲೀವಾಗ ಮಾತಾಡಿಸ್ಬಾರ್ದು, ಅಳತೆ ತಪ್ಪತ್ತೆ. ಅದಕ್ಕೇ ಸುಮ್ನೆ ಕೂತಿರ್ತೀನಿ. ಕೆಲಸ ಮುಗಿದ್ಮೇಲೆ ನಿನಗೊಂದು ಲೋಟ ಟೀ ಕೊಡೋಣ ಅಂತ ಏಳ್ತೀನಿ. ನೀನು ಮತ್ತೆ ಶುರು ಮಾಡ್ಬಿಡ್ತೀಯ."

ಟೈಲರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಳುವೇ ಬಂತು. ಅತ್ತೆ ಕೂತಿರಲಿ ಎಂದು ಇವಳು ತುಳಿದಳು, ಸೊಸೆ ತುಳಿಯುತ್ತಿದ್ದಾಳಲ್ಲ ಎಂದು ಅವಳು ಕೂತಳು. ಇಬ್ಬರೂ ಹೀಗೇ ಸವೆದರು. ಮುಂದಿನ ವಾರವೂ ಬನ್ನಿ, ಒಲೆಯ ಹತ್ತಿರ ಜೊತೆಗಿದ್ದರೆ ಸಾಕು ಎಂದು ಕೇಂದ್ರದಾಕೆಗೆ ಹೇಳಿದಳು. ಗಂಡನಿಗೆ ಫೋನ್ ಮಾಡಿ, ಆಶ್ರಮದ ಮಾತು ಇನ್ನು ಎತ್ತಬೇಡಿ ಎಂದಳು.

ಟೀಗೆ ಸಕ್ಕರೆ ಎರಡೆರಡು ಸಲ ಬಿದ್ದಿತ್ತು. ಲೋಟ ಹಿಡಿದು ಕೂತರೂ ಟೈಲರಮ್ಮನ ಹಿಮ್ಮಡಿ ಆಡುತ್ತಲೇ ಇತ್ತು. ಅತ್ತೆ ಬಗ್ಗಿ ಅವಳ ಮಂಡಿಯ ಮೇಲೆ ಅಂಗೈಯಿಟ್ಟು ಒತ್ತಿ ಹಿಡಿದಳು.

"ಸಾಕು ಬಿಡೇ, ಎಷ್ಟೂಂತ ತುಳೀತೀಯ. ಆರಿಹೋಗತ್ತೆ, ಕುಡಿ."